ಮನೆಯ ಇನ್ನೊಂದು ಸಂಬಳ

ಭಾನುವಾರದ ಪುರವಣಿಗಳಲ್ಲಿ ಕೆಲಸ ಬಿಟ್ಟವರ ಕಥೆಗಳಿಗೆ ಈಗ ಒಳ್ಳೆಯ ಬೇಡಿಕೆ. ಅಮೆರಿಕದ ಉದ್ಯೋಗ ಬಿಟ್ಟು ಹಸು ಸಾಕಿದವರು, ಸಾಫ್ಟ್‌ವೇರ್ ಬಿಟ್ಟು ಸಿರಿಧಾನ್ಯದ ಹಿಂದೆ ಬಿದ್ದವರು, ವಕೀಲಿಕೆ ಬಿಟ್ಟು ಮೇಳ ಕಟ್ಟಿದವರು. ಎಲ್ಲರ ಮೇಲೂ ನನಗೆ ಗೌರವವಿದೆ, ಒಂದನ್ನೂ ಬಿಡದೆ ಓದುತ್ತೇನೆ. ಆದರೆ ಓದುವಾಗ ನನ್ನ ಕಣ್ಣು ಹುಡುಕುವುದು ಒಂದೇ ಸಾಲನ್ನು. ಅದು ಸಾಮಾನ್ಯವಾಗಿ ಮೂರನೇ ಪ್ಯಾರಾದ ಕೊನೆಯಲ್ಲಿ ಸಿಗುತ್ತದೆ: ಮೊದಲ ಕೆಲವು ವರ್ಷ ತುಂಬಾ ಕಷ್ಟವಾಯಿತು. ಅಷ್ಟೇ. ಮುಂದಿನ ಪ್ಯಾರಾದಲ್ಲಿ ಪ್ರಶಸ್ತಿ ಬಂದಿರುತ್ತದೆ. ಆ ಕೆಲವು ವರ್ಷ ಹಾಲಿನವನ ಲೆಕ್ಕ ಚುಕ್ತಾ ಮಾಡಿದವರು ಯಾರು, ಮಕ್ಕಳ ಫೀಸು ಕಟ್ಟಿದವರು ಯಾರು, ಸಿಲಿಂಡರ್ ಬಂದ ದಿನ ಸಾಸಿವೆ ಡಬ್ಬಿಯೊಳಗೆ ಕೈ ಹಾಕಿದವರು ಯಾರು ಎಂದು ವರದಿಗಾರರು ಕೇಳಿದಂತಿಲ್ಲ. ಫೋಟೊದಲ್ಲಿ ಹಸುವಿಗಾದರೂ ಜಾಗ ಸಿಕ್ಕಿರುತ್ತದೆ.

ನಾನು ಆ ಒಂದು ಸಾಲಿನೊಳಗೆ ಸಂಸಾರ ಮಾಡಿದವಳು. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಮ್ಮನೆಯವರು ಶಿವಮೊಗ್ಗದಲ್ಲಿ ಒಂದು ರಾಷ್ಟ್ರೀಕೃತ ಬ್ಯಾಂಕಿನ ಅಧಿಕಾರಿ. ಬ್ಯಾಂಕ್ ಕೆಲಸಕ್ಕೆ ನಮ್ಮ ಸೀಮೆಯಲ್ಲಿದ್ದ ಮರ್ಯಾದೆಯನ್ನು ಈಗಿನ ಹುಡುಗರಿಗೆ ವಿವರಿಸುವುದು ಕಷ್ಟ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ನಾಲ್ಕೂ ಹುಟ್ಟಿದ್ದು ಘಟ್ಟದ ಕೆಳಗೆ, ಮಂಗಳೂರು ಉಡುಪಿಗಳಲ್ಲಿ, 1906ರಿಂದ 1931ರ ನಡುವೆ. ಹಾಗಾಗಿ ಕರಾವಳಿಯಲ್ಲೂ ಮಲೆನಾಡಿನಲ್ಲೂ ಮನೆಗೊಬ್ಬರು ಬ್ಯಾಂಕಿನವರು. ವರ ಬ್ಯಾಂಕಿನಲ್ಲಿದ್ದಾನೆ ಎಂದರೆ ಹೆಣ್ಣು ಕೊಡುವವರು ಜಾತಕವನ್ನು ಅರೆಗಣ್ಣಿನಲ್ಲಿ ನೋಡುತ್ತಿದ್ದರು. ನಮ್ಮಪ್ಪನೂ ಹಾಗೇ ನೋಡಿದ್ದು.

2000ನೇ ಇಸವಿಯ ಕೊನೆಗೆ ಬ್ಯಾಂಕುಗಳಲ್ಲಿ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ಯೋಜನೆ, ಬಂತು. 15 ವರ್ಷ ಸರ್ವಿಸ್ ಆಗಿರಬೇಕು ಅಥವಾ 40 ವಯಸ್ಸಾಗಿರಬೇಕು. ಸರ್ವಿಸಿನ ಒಂದೊಂದು ವರ್ಷಕ್ಕೂ 60 ದಿನದ ಸಂಬಳ ಇಡಿಗಂಟಾಗಿ ಕೈಗೆ. ಸಿಬ್ಬಂದಿ ಹೆಚ್ಚಾಗಿದೆ, ಕಂಪ್ಯೂಟರ್ ಬರುತ್ತಿದೆ, ಒಂದಷ್ಟು ಜನ ಹೋಗಲಿ ಎಂಬುದು ಲೆಕ್ಕಾಚಾರ. ದೇಶದಲ್ಲಿ ಸುಮಾರು ಒಂದು ಲಕ್ಷ ಜನ ಹೊರಟೇಬಿಟ್ಟರು, ಅದರಲ್ಲೂ ಅಧಿಕಾರಿಗಳು. ಆ ಚಳಿಗಾಲ ಬ್ಯಾಂಕಿನವರ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೂತವರೂ ಬಾಳೆಎಲೆಯ ಅಂಚಿನಲ್ಲಿ ಬೆರಳಾಡಿಸುತ್ತ ಇಡಿಗಂಟು ಗುಣಿಸುತ್ತಿದ್ದರು.

ನಮ್ಮ ಅತ್ತೆಗೆ ಮಾತ್ರ ಇದು ಹಿಡಿಸಲಿಲ್ಲ. "ಕೆಲಸ ಮಾಡಿದ್ದಕ್ಕೆ ದುಡ್ಡು ಕೊಡ್ತಾರೆ ಅಂದ್ರೆ ಒಪ್ಪಬಹುದು. ಮನೆಗೆ ಹೋಗು ಅಂತ ದುಡ್ಡು ಕೊಡ್ತಾರೆ ಅಂದ್ರೆ ಏನೋ ಇದೆ ಮಾರಾಯ್ತಿ" ಎಂದರು ನನ್ನ ಹತ್ತಿರ. ನಮ್ಮನೆಯವರ ಕಣ್ಣಮುಂದೆ ಇದ್ದದ್ದು ಸಾಗರದ ಹತ್ತಿರದ ಹಿರಿಯರ ತೋಟ. ಅಡಿಕೆಯ ಜೊತೆಗೆ ಹೊಸದೇನಾದರೂ ಹಾಕಬೇಕು, ಮಣ್ಣಿನಲ್ಲಿ ಕೈ ಆಡಿಸಬೇಕು, ಮ್ಯಾನೇಜರನ ಟಾರ್ಗೆಟ್ಟು ಸಾಕು. ಎಲ್ಲ ಹೇಳಿ ಮುಗಿಸಿ, ಅರ್ಜಿಯನ್ನು ಮಡಿಸುತ್ತ, "ನಿನ್ನ ಸಂಬಳ ಹೆಂಗಿದ್ರೂ ಬರುತ್ತಲ್ಲ" ಎಂದರು. ಈ ಒಂದು ವಾಕ್ಯದ ಮೇಲೆ ಮುಂದೆ ಎಷ್ಟೋ ವರ್ಷ ನಮ್ಮ ಮನೆ ನಿಂತಿತು. ನಾನು ಆಗ ಹೂಂ ಎಂದೆನೋ, ಸುಮ್ಮನಿದ್ದೆನೋ ನೆನಪಿಲ್ಲ. ಸುಮ್ಮನಿದ್ದರೂ ಹೂಂ ಎಂದೇ ಲೆಕ್ಕ.

ಇಡಿಗಂಟು ಬಂತು, ಎಫ್‌ಡಿಗೆ ಹೋಯಿತು. ಇವರು ಬಡ್ಡಿಯನ್ನು ನೂರಕ್ಕೆ ಹತ್ತರ ಆಸುಪಾಸಿಗೆ ಹಿಡಿದು ಜೀವಮಾನದ ಬಜೆಟ್ ಹಾಕಿದ್ದರು. ಮುಂದಿನ ಎರಡು ಮೂರು ವರ್ಷಗಳಲ್ಲಿ ಬಡ್ಡಿ ದರ ದೇಶದಲ್ಲೆಲ್ಲ ಇಳಿದು ಇಳಿದು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಇತರರಿಗೆ ಬಡ್ಡಿ ಹೇಳಿಕೊಡುತ್ತಿದ್ದವರು ಪೇಪರಿನಲ್ಲಿ ರಿಸರ್ವ್ ಬ್ಯಾಂಕಿನ ಸುದ್ದಿ ಬಂದರೆ ಪುಟ ಮಗುಚತೊಡಗಿದರು.

ಇನ್ನು ವೆನಿಲಾ. ಆ ವರ್ಷಗಳಲ್ಲಿ ಮಲೆನಾಡಿನಲ್ಲಿ ಇದ್ದವರಿಗೆ ಈ ಹೆಸರು ಸಾಕು, ಬೇರೇನೂ ಹೇಳಬೇಕಿಲ್ಲ. ಉಳಿದವರಿಗಾಗಿ ಸ್ವಲ್ಪ ವಿವರ. ಜಗತ್ತಿನ ವೆನಿಲಾದಲ್ಲಿ ದೊಡ್ಡ ಪಾಲು ಬೆಳೆಯುವುದು ಮಡಗಾಸ್ಕರಿನಲ್ಲಿ. 2000ದಲ್ಲಿ ಅಲ್ಲಿ ಚಂಡಮಾರುತ ಬೀಸಿ ಬಳ್ಳಿಗಳು ನೆಲ ಕಚ್ಚಿದವು, ಬೆಲೆ ಏರಿತು. 2003ರಲ್ಲಿ ನಮ್ಮ ಕಡೆ ಹಸಿ ಬೀನ್ಸಿಗೇ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಬಳ್ಳಿಯನ್ನು ಬಟ್ಟೆ ಅಳೆದಂತೆ ಮೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು. ತೋಟಕ್ಕೆ ಕಾವಲು, ನಾಯಿ, ಸರ್ಚ್‌ಲೈಟು. ರಾತ್ರಿ ಬೀನ್ಸ್ ಕಳವಾದ ಸುದ್ದಿ ಬೆಳಿಗ್ಗೆ ಬಸ್ಸಿನಲ್ಲಿ. ನಮ್ಮನೆಯವರು 2001ರ ಮಳೆಗಾಲದಲ್ಲೇ ಗ್ಲಿರಿಸಿಡಿಯಾ ಗೂಟಗಳಿಗೆ ಬಳ್ಳಿ ಹಬ್ಬಿಸಿದ್ದರು. ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು.

ಆ ಹೂವಿನ ವಿಷಯ ಹೇಳಲೇಬೇಕು. ನಸುಹಸಿರು ಹಳದಿ ಹೂವು, ಬೆಳಗಿನ ಜಾವ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಅದರ ತವರು ಮೆಕ್ಸಿಕೊ. ಅಲ್ಲಿ ಅದರ ಪರಾಗ ಸಾಗಿಸುವ ಜೇನ್ನೊಣ ಇಲ್ಲಿ ಇಲ್ಲ. ಹಾಗಾಗಿ ಮನುಷ್ಯರೇ ಆ ಕೆಲಸ ಮಾಡಬೇಕು. ಎಡಗೈಯಲ್ಲಿ ಹೂ ಹಿಡಿದು, ಅದರ ತುಟಿಯನ್ನು ಸೀಳಿ, ಗಂಡಿಗೂ ಹೆಣ್ಣಿಗೂ ನಡುವೆ ಅಡ್ಡ ನಿಂತ ತೆಳು ಪೊರೆಯನ್ನು ಹಿಡಿಕಡ್ಡಿಯ ತುದಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಒತ್ತಬೇಕು. ಹೆಚ್ಚು ಒತ್ತಿದರೆ ಹೂ ಜಜ್ಜಿಹೋಗುತ್ತದೆ, ಕಡಿಮೆಯಾದರೆ ಮಾರನೆಯ ದಿನ ಉದುರುತ್ತದೆ. ಒಂದು ಗೊಂಚಲಿನಲ್ಲಿ ದಿನಕ್ಕೆ ಒಂದೆರಡೇ ಅರಳುವುದರಿಂದ ದಿನಾ ಅದೇ ಬಳ್ಳಿಗೆ ಮತ್ತೆ ಹೋಗಬೇಕು. ಈ ಉಪಾಯವನ್ನು 1841ರಲ್ಲಿ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಜಗತ್ತು ಐಸ್‌ಕ್ರೀಮ್ ತಿನ್ನುತ್ತಿರುವುದು ಅವನ ಬೆರಳಿನ ಋಣದಲ್ಲಿ. ಅವನು ಸತ್ತದ್ದು ಬಡತನದಲ್ಲಿ.

ಹೂವಿನ ಕಾಲ ಡಿಸೆಂಬರಿನಿಂದ ಮಾರ್ಚ್. ಎಸ್‌ಎಸ್‌ಎಲ್‌ಸಿ ಮಕ್ಕಳ ರಿವಿಷನ್ ಕಾಲವೂ ಅದೇ. ಹೆಂಗಸರ ಬೆರಳು ನಯವಂತೆ, ಪರಾಗಸ್ಪರ್ಶಕ್ಕೆ ಅವರೇ ಸರಿಯಂತೆ ಎಂದು ಊರಿನಲ್ಲೆಲ್ಲ ತೀರ್ಮಾನವಾಗಿತ್ತು. (ಇಂಥ ತೀರ್ಮಾನಗಳಿಗೆ ಸಭೆ ಎಲ್ಲಿ ಸೇರುತ್ತದೋ ತಿಳಿಯದು.) ನಾನು ಆರಕ್ಕೆ ತೋಟಕ್ಕಿಳಿದು, ಎಂಟಕ್ಕೆ ಮೇಲೆ ಬಂದು, ಸೀರೆ ಬದಲಿಸಿ ಬಸ್ಸು ಹಿಡಿಯುತ್ತಿದ್ದೆ. ಬೋರ್ಡಿನ ಮೇಲೆ ಪೈಥಾಗೊರಸ್ ಬರೆಯುವಾಗ ಬಳ್ಳಿಯ ಹಾಲು ತಾಗಿದ ಬೆರಳು ತುರಿಸುತ್ತಿತ್ತು.

ಖರ್ಚು ಯಾವುದರಿಂದ ನಡೆಯಿತು ಎಂದು ಕೇಳುವಿರಾದರೆ, ನನ್ನ ಸಂಬಳದಿಂದ. ಅದರಲ್ಲಿ ಕೆಜಿಐಡಿ ಕಂತು, ಜಿಪಿಎಫ್, ಟೀಚರ್ಸ್ ಸೊಸೈಟಿಯ ಸಾಲದ ಕಂತು ಹೋಗಿ ಉಳಿದದ್ದು ದಿನಸಿಗೆ, ಮಗಳ ಹಾಸ್ಟೆಲಿಗೆ, ಅತ್ತೆಯ ಮಾತ್ರೆಗೆ. ಸೊಸೈಟಿ ಸಾಲ ಎತ್ತಿದ್ದು ಬಳ್ಳಿಗೆ. ಮತ್ತೊಂದು ಸಾಲಕ್ಕೆ ಸರ್ಕಾರಿ ನೌಕರರ ಜಾಮೀನು ಬೇಕೆಂದರು. ಆ ದಿನ ಇವರು ನಮ್ಮ ಶಾಲೆಯ ಬಾಗಿಲಲ್ಲಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜೀವನವಿಡೀ ಮೇಜಿನ ಆ ಬದಿಯಲ್ಲಿ ಕೂತು "ಸ್ಯಾಲರಿ ಸರ್ಟಿಫಿಕೇಟ್ ತಂದಿದ್ದೀರಾ?" ಎಂದು ಕೇಳಿದವರು, ಹೆಡ್‌ಮಾಸ್ಟರ ಕೊಠಡಿಯ ಹೊರಗಿನ ಬೆಂಚಿನಲ್ಲಿ ಕೂತು ನನ್ನ ಸ್ಯಾಲರಿ ಸರ್ಟಿಫಿಕೇಟಿಗೆ ಸೀಲು ಬೀಳುವುದನ್ನು ಕಾದರು. ಗುಮಾಸ್ತ ಊಟಕ್ಕೆ ಹೋಗಿದ್ದ. ಇವರು ಬೆಂಚಿನ ಮೇಲೆ ಬಿದ್ದಿದ್ದ ಹಾಜರಿ ಪುಸ್ತಕ ತೆಗೆದು, ಅಭ್ಯಾಸಬಲದಿಂದ, ಒಟ್ಟು ಸರಿಯಿದೆಯೇ ಎಂದು ಕೂಡಿಸಿ ನೋಡುತ್ತಿದ್ದರು.

ನಮ್ಮ ಮೊದಲ ದೊಡ್ಡ ಫಸಲು ಕೈಗೆ ಬರುವ ಹೊತ್ತಿಗೆ ಮಡಗಾಸ್ಕರ್ ಚೇತರಿಸಿಕೊಂಡಿತ್ತು. ಬೆಲೆ ಏರುವುದನ್ನು ಕಂಡು ಹಾಕಿದವರ ಬಳ್ಳಿಗಳೂ ದೇಶದೇಶಗಳಲ್ಲಿ ಕಾಯಿ ಬಿಟ್ಟಿದ್ದವು. ಐಸ್‌ಕ್ರೀಮ್ ಕಂಪನಿಗಳು ದುಬಾರಿ ಬೆಲೆಗೆ ಬೇಸತ್ತು ಕೃತಕ ವೆನಿಲಿನ್‌ಗೆ ತಿರುಗಿದ್ದವು. 2005ರ ಹೊತ್ತಿಗೆ ಹಸಿ ಬೀನ್ಸು ನೂರು ರೂಪಾಯಿಯ ಸುತ್ತಮುತ್ತ, ಆಮೇಲೆ ಅದೂ ಇಲ್ಲ. ಕಾವಲಿನ ನಾಯಿ ಮಾತ್ರ ಉಳಿಯಿತು, ಒಳ್ಳೆಯ ನಾಯಿ.

ಕಾಲೇಜಿನಲ್ಲಿ ಹೇಳುವ ದೊಡ್ಡವರ ಕಥೆಗಳಲ್ಲೂ ಈ ಇನ್ನೊಂದು ಸಂಬಳ ಇದ್ದೇ ಇದೆ, ಹುಡುಕಬೇಕು ಅಷ್ಟೆ. 1981ರಲ್ಲಿ ಇನ್ಫೋಸಿಸ್ ಶುರುವಾದಾಗ ಸುಧಾ ಮೂರ್ತಿಯವರು ತಮ್ಮ ಉಳಿತಾಯದ ಹತ್ತು ಸಾವಿರ ರೂಪಾಯಿ ಕೊಟ್ಟದ್ದು ಎಲ್ಲರಿಗೂ ಗೊತ್ತು. ಆ ಕಾಲದಲ್ಲಿ ಅವರು ಮನೆ ನಡೆಸಲು ಪುಣೆಯಲ್ಲಿ ನೌಕರಿ ಮಾಡುತ್ತಿದ್ದರು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಬೆಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್ ಶಿವಾಜಿರಾವ್ ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ ರಜನಿಕಾಂತ್ ಆದದ್ದು ಸರಿ. ಆ ಕೋರ್ಸು ಮುಗಿಯುವ ತನಕ ದುಡ್ಡು ಕಳಿಸಿದವರು ಅದೇ ಬಸ್ಸಿನ ಡ್ರೈವರ್ ರಾಜಬಹದ್ದೂರ್. ಒಬ್ಬರು ಬಸ್ಸಿನಿಂದ ಇಳಿದರು, ಇನ್ನೊಬ್ಬರು ಸ್ಟಿಯರಿಂಗ್ ಹಿಡಿದೇ ಇದ್ದರು. ರಜನಿಕಾಂತ್ ಆ ಋಣವನ್ನು ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದಾರೆ, ಅದು ದೊಡ್ಡ ಗುಣ. ಎಲ್ಲರೂ ಹೇಳುವುದಿಲ್ಲ.

ಒಂದು ಮಾತನ್ನು ನಾನು ಅನುಭವದಿಂದ ಹೇಳಬಲ್ಲೆ. ಒಂದು ಮನೆಯಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ ಹೊಸದಾಗಿ ಶುರುಮಾಡಬಹುದು. ವೆನಿಲಾ ಬಿದ್ದ ಹೊತ್ತಿನಲ್ಲೇ ನನಗೆ ಪಿಯು ಕಾಲೇಜಿನ ಉಪನ್ಯಾಸಕಿಯಾಗಿ ಬಡ್ತಿ ಬಂದಿತ್ತು. ಜಾಗ ಉತ್ತರ ಕರ್ನಾಟಕದಲ್ಲಿ. ಎಂಎಸ್‌ಸಿಯನ್ನು ಮದುವೆಯಾದ ಮೇಲೆ ಅಂಚೆ ಶಿಕ್ಷಣದಲ್ಲಿ ಓದಿದ್ದೇ ಅದಕ್ಕಾಗಿ. ತೋಟ, ಅತ್ತೆ, ಸಾಲ ಎಲ್ಲವೂ ಇಲ್ಲಿ. ಬಡ್ತಿ ಬೇಡವೆಂದು ಬರೆದುಕೊಟ್ಟೆ. ಬಿಇಒ ಕಚೇರಿಯಲ್ಲಿ ಕಾರಣ ಎಂಬ ಜಾಗದಲ್ಲಿ ಕೌಟುಂಬಿಕ ಎಂದು ತುಂಬಿಸಿದರು. ಕ್ಯಾಲ್ಕುಲಸ್ ಕಲಿಸುವ ಆಸೆ ಅಲ್ಲಿಗೆ ಮುಗಿಯಿತು. ಇದರಲ್ಲಿ ಯಾರ ಮೇಲೂ ದೂರಿಲ್ಲ. ಆದರೆ ಯಾರಾದರೂ ನಮ್ಮನೆಯವರ ಧೈರ್ಯದ ಬಗ್ಗೆ ಬರೆಯುವುದಾದರೆ ಈ ಕಾಗದವನ್ನೂ ಜೊತೆಗೆ ಲಗತ್ತಿಸಬೇಕು.

ಕೊನೆಗೆ ಇವರಿಗೆ ಒಗ್ಗಿದ್ದು ಯಾವ ಬೆಳೆಯೂ ಅಲ್ಲ. 2008ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ರೈತರ ಸಾಲ ಮನ್ನಾ ಘೋಷಿಸಿತು. ಯಾರಿಗೆ ಪೂರ್ತಿ ಮನ್ನಾ, ಯಾರಿಗೆ ಭಾಗಶಃ, ಎರಡು ಹೆಕ್ಟೇರಿನ ಗಡಿ ಎಲ್ಲಿ, ಊರಿನಲ್ಲಿ ಒಬ್ಬರಿಗೂ ಬಗೆಹರಿಯದು. ಜನ ಪಹಣಿ, ಪಾಸ್‌ಬುಕ್ಕು ಹಿಡಿದು ನಮ್ಮ ಜಗಲಿಗೆ ಬರತೊಡಗಿದರು. ಇವರು ಕನ್ನಡಕ ಹಾಕಿಕೊಂಡು ಕೂತರು. ಅಂದಿನಿಂದ ಬೆಳೆ ಸಾಲದ ಅರ್ಜಿ, ಬೆಳೆ ವಿಮೆ, ಪೋಡಿ, ವಾರಸು ಎಲ್ಲಕ್ಕೂ ಈ ಜಗಲಿಯೇ ಆಫೀಸು. ಹಣ ತೆಗೆದುಕೊಳ್ಳುವುದಿಲ್ಲ, ಜನ ಬಾಳೆಗೊನೆ, ಜೋನಿಬೆಲ್ಲ ಇಟ್ಟು ಹೋಗುತ್ತಾರೆ. ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಟಿಕ್ಕು ಹಾಕುವಾಗ ಅವರ ಮುಖ ನೋಡಬೇಕು. ಬ್ಯಾಂಕ್ ಬಿಟ್ಟ ಮೇಲೆ ಅವರು ಒಳ್ಳೆಯ ಬ್ಯಾಂಕಿನವರಾದರು. ಇದು ವ್ಯಂಗ್ಯವಾಗಿ ಹೇಳಿದ್ದಲ್ಲ, ತಾಲ್ಲೂಕಿನಲ್ಲಿ ಕೇಳಿ ನೋಡಿ.

ನಾನು ನಿವೃತ್ತಳಾಗಿ ಪಿಂಚಣಿ ಪಡೆಯುತ್ತಿದ್ದೇನೆ. ಮೊನ್ನೆ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, ಕಂಪನಿ ಕೆಲಸ ಬಿಟ್ಟು ಬೇಕರಿ ಶುರುಮಾಡುತ್ತೇನೆ ಎಂದಳು. ಓವನ್ ಯಾವುದು, ಬಾಡಿಗೆ ಎಷ್ಟು, ಹೆಸರೇನು ಎಲ್ಲ ನಿರ್ಧಾರವಾಗಿದೆಯಂತೆ. "ಅಮ್ಮ, ನೀನೇನಂತೀಯ?" ಎಂದು ಕೇಳಿದಳು. ನಾನು ಫೋನನ್ನು ಅಳಿಯಂದಿರಿಗೆ ಕೊಡು ಎಂದೆ. "ಒಂದು ವರ್ಷವೋ, ಎರಡು ವರ್ಷವೋ, ನೀವು ಎಲ್ಲಿಯ ತನಕ ಅಂತ ಇಬ್ಬರೂ ಸೇರಿ ಬರೆದಿಟ್ಟುಕೊಂಡಿದ್ದೀರಾ?" ಎಂದು ಕೇಳಿದೆ. ಅವರು ನಕ್ಕು, "ಇಲ್ಲ ಅತ್ತೆ" ಎಂದರು. ಆ ರಾತ್ರಿಯೇ ಬರೆದರಂತೆ.

ಕೆಲಸ ಬಿಡುವ ಯೋಚನೆಯಲ್ಲಿರುವವರು ದಯವಿಟ್ಟು ಬಿಡಿ, ಬೇಡ ಎನ್ನಲು ನಾನು ಯಾರು. ಆದರೆ ರಾಜೀನಾಮೆ ಬರೆಯುವ ಮುಂಚೆ, ಮನೆಯಲ್ಲಿ ದುಡಿಯುತ್ತ ಉಳಿಯುವವರ ಎದುರಿಗೆ ಕೂತು, ತಿಂಗಳ ಖರ್ಚಿನ ಪಟ್ಟಿ ಇಟ್ಟು, ಗಡುವು ಹೇಳಿ, ಬಾಯಿಬಿಟ್ಟು ಒಪ್ಪಿಗೆ ಕೇಳಿ. ಅವರಿಗೂ ಬಿಡಬೇಕಾದ ಕೆಲಸವೋ ಹೋಗಬೇಕಾದ ಊರೋ ಇದೆಯೇ ಎಂದೂ ಕೇಳಿ. ಇದ್ದರೆ, ಯಾರು ಮೊದಲು ಎಂಬುದನ್ನು ಅವತ್ತೇ ಇತ್ಯರ್ಥ ಮಾಡಿಕೊಳ್ಳಿ.