ಕೆಂಪು ಸೂಚನೆಯ ದಿನ

ಶುಕ್ರವಾರ ರಾತ್ರಿ ವೈಟ್‌ಫೀಲ್ಡಿನಲ್ಲಾಗಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ನಿಂತು ನೋಡಿದರೆ, ಬೆನ್ನಿಗೆ ಚೀಲ ಬಿಗಿದ ತರುಣ ತರುಣಿಯರು ಬಸ್ಸಿಗಾಗಿ ಕಾದಿರುವುದು ಕಾಣುವುದು. ವಾರವೆಲ್ಲ ಗಾಜಿನ ಗೋಡೆಗಳೊಳಗೆ ದುಡಿದವರಿಗೆ ಮಲೆನಾಡಿನ ಡೇರೆಯ ವಾಸ ಒಂದು ವರವೇ ಸರಿ. ಮಾರ್ಗದರ್ಶಕನಿರುವನು, ಹಣವೂ ಸಂದಿರುವುದು. ಇನ್ನು ಮಳೆಯ ಎಚ್ಚರಿಕೆಗೆ ಕಿವಿಗೊಡುವವರಾರು?

ಮಳೆಯ ಬಲವನ್ನು ಇವರು ಅರಿಯದವರೇನಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ನೀರು ನಿಂತಾಗ, ಟ್ರ್ಯಾಕ್ಟರನ್ನೇರಿ ಕಚೇರಿಗೆ ಹೋದವರುಂಟು. ಹವಾಮಾನ ಇಲಾಖೆಯ ಭಾಷೆಯೂ ಸರಳ: ಹಳದಿಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಒಡನೆ ಕ್ರಮ ಕೈಗೊಳ್ಳಿ. ದಿನವೊಂದರಲ್ಲಿ 204 ಮಿಲಿಮೀಟರಿಗೂ ಮಿಕ್ಕ ಮಳೆಯ ಸಂಭವವಿದ್ದಾಗ ಕೆಂಪು ಬಣ್ಣ ಬರುವುದು. ಅಂಥ ಮಳೆಗೆ ಬೆಳಿಗ್ಗೆ ಕಾಲು ತೊಳೆದ ಹಳ್ಳವೇ ಸಂಜೆಗೆ ದಾಟಲಾಗದ ಹೊಳೆಯಾಗುವುದು.

ಜೊತೆಯಲ್ಲಿ ಬಲ್ಲವರಿರುವರೆಂಬ ಧೈರ್ಯಕ್ಕೂ ಮಿತಿಯುಂಟು. 2024ರ ಜೂನ್ ತಿಂಗಳ ಮೊದಲಲ್ಲಿ, ಹಿಮಾಲಯದ ಸಹಸ್ರತಾಲದ ಹಾದಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿದ 22 ಜನರಲ್ಲಿ ಹೆಚ್ಚಿನವರು ಕರ್ನಾಟಕದವರು; ಮೂವರು ಸ್ಥಳೀಯ ಮಾರ್ಗದರ್ಶಕರೂ ಇದ್ದರು. ಆದರೂ ಒಂಬತ್ತು ಮಂದಿ ಮನೆಗೆ ಮರಳಲಿಲ್ಲ. ಮಾರ್ಗದರ್ಶಕನು ದಾರಿಯನ್ನು ಬಲ್ಲನು, ಗಾಳಿಯನ್ನು ತಡೆಯಲಾರನು.

ಆದುದರಿಂದ ಹೊರಡುವ ಮುನ್ನ ಅವನನ್ನು ಕೇಳಬೇಕಾದುದು ಒಂದೇ: “ಕೆಂಪು ಸೂಚನೆ ಬಂದರೆ ಹಿಂದಿರುಗುವಿರಾ?” ಹೌದೆನ್ನಲು ಅನುಮಾನಿಸುವವನೊಡನೆ ಮಕ್ಕಳನ್ನು ಕಳುಹಿಸಲಾಗದು.