ಅಟ್ಟವೂ ಆಟವೂ

ನಮ್ಮ ಅಪ್ಪ ತೀರಿಕೊಂಡಾಗ ಅವರ ಹೆಸರಿನಲ್ಲಿ ಮೂರೆಕರೆ ತೆಂಗಿನ ತೋಟ, ಒಂದು ಹೆಂಚಿನ ಮನೆ, ಸೊಸೈಟಿಯಲ್ಲಿ ಒಂದಿಷ್ಟು ಷೇರು, ಮತ್ತು ಹನ್ನೊಂದು ಕಂಪ್ಯೂಟರ್ ಆಟಗಳಿದ್ದವು. ಮೊದಲ ಮೂರರದು ಅಂಥ ತೊಂದರೆಯೇನಲ್ಲ. ದಬ್ಬೇಘಟ್ಟ ಹೋಬಳಿ ಕೇಂದ್ರವಾದ್ದರಿಂದ ನಾಡಕಚೇರಿ ಊರಿನಲ್ಲೇ ಇದೆ. ಮರಣ ಪತ್ರ, ವಂಶವೃಕ್ಷ, ಪಹಣಿ ಎಲ್ಲ ಜೋಡಿಸಿಕೊಂಡು ನಾಲ್ಕು ಸಲ ಅಲೆದರೆ ಪೌತಿ ಖಾತೆ ಆಗುತ್ತದೆ. ನನಗೆ ಆರು ಸಲ ಆಯಿತು, ಆದರೂ ಆಯಿತು. ಆದರೆ ಆ ಹನ್ನೊಂದು ಆಟಗಳಿಗೆ ಪೌತಿ ಖಾತೆ ಮಾಡಿಕೊಡುವ ಕಚೇರಿ ತುರುವೇಕೆರೆಯಲ್ಲೂ ಇಲ್ಲ, ತುಮಕೂರಿನಲ್ಲೂ ಇಲ್ಲ.

ಅಪ್ಪ ಆಟದ ಹುಚ್ಚಿನವರೆಂದು ತಿಳಿಯಬೇಡಿ. ಅವರು ಜೀವಮಾನದಲ್ಲಿ ಮೌಸ್ ಮುಟ್ಟಿದವರಲ್ಲ. ಆದದ್ದು ಇಷ್ಟು. 2019ರಲ್ಲಿ ನನ್ನ ಮಗನಿಗೆ ಹನ್ನೊಂದು ವರ್ಷ. ಅಂತರಜಾಲದಲ್ಲಿ ಆಟ ಮಾರುವ ಒಂದು ಕಂಪನಿಯಲ್ಲಿ ಖಾತೆ ತೆರೆಯಬೇಕಾದರೆ ದೊಡ್ಡವರ ಹೆಸರು ಬೇಕು, ಒಂದು ಮೊಬೈಲ್ ನಂಬರ್ ಬೇಕು, ದುಡ್ಡಿರುವ ಕಾರ್ಡು ಬೇಕು. ಅಂದು ನಾನು ಊರಲ್ಲಿರಲಿಲ್ಲ. ಕೊಬ್ಬರಿ ದುಡ್ಡು ಹಿಂದಿನ ವಾರವಷ್ಟೇ ಅಪ್ಪನ ಖಾತೆಗೆ ಬಿದ್ದಿತ್ತು. ಮೊಮ್ಮಗ ಕೇಳಿದ, ತಾತ ಕೊಟ್ಟರು. ಅಲ್ಲಿಂದ ಮೂರು ವರ್ಷ ಯುಗಾದಿಗೊಂದು, ಗೌರಿಹಬ್ಬಕ್ಕೊಂದು, ಪರೀಕ್ಷೆ ಪಾಸಾದದ್ದಕ್ಕೊಂದು ಎಂದು ತಾತನ ಹೆಸರಿನಲ್ಲಿ ಆಟಗಳು ಸೇರುತ್ತ ಹೋದವು. "ಎಲ್ಲಾ ಇಟ್ಟಿದ್ದೀಯಾ ಭದ್ರವಾಗಿ?" ಎಂದು ಅಪ್ಪ ಕೇಳುತ್ತಿದ್ದರು. "ಅದೆಲ್ಲ ಕ್ಲೌಡಲ್ಲಿ ಇರುತ್ತೆ ತಾತ" ಎನ್ನುತ್ತಿದ್ದ ಅವನು. ಮೋಡದಲ್ಲಿ ಇಟ್ಟದ್ದು ಯಾವ ಭದ್ರವೋ ಎಂದು ಅಪ್ಪ ನನ್ನ ಮುಖ ನೋಡುತ್ತಿದ್ದರು. ಮಳೆಯನ್ನೇ ಸರಿಯಾಗಿ ಕೊಡದ ಮೋಡ ನಮ್ಮ ಸೀಮೆಯದು.

ನಮ್ಮ ಕಡೆ ಸ್ವತ್ತು ಎಂದರೆ ಅಟ್ಟದ ಮೇಲಿರಬೇಕು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷ ಅಲ್ಲೇ ಇರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ಗಿಟುಕು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡಿಯಾಗಿ ತೆಗೆದದ್ದೇ ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ. ಅಟ್ಟದ ಮೇಲಿರುವಷ್ಟು ದಿನ ಅದು ನಮ್ಮದು. ಬೆಲೆ ಮಾತ್ರ ನಮ್ಮದಲ್ಲ. 2023ರಲ್ಲಿ ಬೆಲೆ ಕುಸಿದು ರೈತರು ತಿಪಟೂರಿನಲ್ಲಿ ಧರಣಿ ಕೂತರು. 2025ರಲ್ಲಿ ಅದೇ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿತು. ಆ ಹೊತ್ತಿಗೆ ನಮ್ಮ ಅಟ್ಟ ಖಾಲಿ ಎನ್ನುವುದು ಬೇರೆ ಮಾತು.

ನನ್ನ ಕಾಲದಲ್ಲಿ ಆಟಗಳೂ ಅಟ್ಟಕ್ಕೇ ಸೇರುವ ಜಾತಿಯವಾಗಿದ್ದವು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಅದರ ವೇಗ ಸೆಕೆಂಡಿಗೆ 256 ಕಿಲೋಬಿಟ್. ಒಂದು ಸಿಡಿಯಲ್ಲಿ ಹಿಡಿಸುವ 700 ಎಂಬಿ ಇಳಿಸಲು ಲೆಕ್ಕದ ಪ್ರಕಾರವೇ ಆರು ಗಂಟೆ ಮೀರುತ್ತದೆ, ಅದೂ ಲೈನು ನಡುವೆ ಕಡಿಯದಿದ್ದರೆ, ಕರೆಂಟು ಹೋಗದಿದ್ದರೆ. ನಮ್ಮೂರಿನಲ್ಲಿ ಈ ಎರಡೂ 'ದಿದ್ದರೆ'ಗಳು ಒಟ್ಟಿಗೆ ಕೂಡಿ ಬಂದದ್ದು ನನಗೆ ನೆನಪಿಲ್ಲ. ಈಗಿನ 50 ಜಿಬಿಯ ಆಟವನ್ನು ಅಂದಿನ ಲೈನಿನಲ್ಲಿ ಇಳಿಸಲು ಹೊರಟರೆ ಸುಮಾರು ಹತ್ತೊಂಬತ್ತು ದಿನ ಬೇಕು. ಹಾಗಾಗಿ ಬೆಂಗಳೂರಿಗೆ ಹೋದವರು ಮೆಜೆಸ್ಟಿಕ್ಕಿನ ಸುತ್ತಮುತ್ತ ಸಿಡಿ ತರುತ್ತಿದ್ದರು. ನಿಜ ಹೇಳಿಬಿಡುತ್ತೇನೆ, ಅವುಗಳಲ್ಲಿ ಮುಕ್ಕಾಲು ಪಾಲು ಕಳ್ಳಪ್ರತಿ. ಅಸಲಿ ಆಟಕ್ಕೆ ಸಾವಿರದ ಹತ್ತಿರ, ನಕಲಿಗೆ ಒಂದು ಊಟದ ಬೆಲೆ. ನಾನು ಜೀವನದಲ್ಲಿ ಕೊಂಡ ಅಸಲಿ ಆಟ ಒಂದೇ, ಒಂದು ಯುದ್ಧದ ಆಟ, ಮೊದಲ ಸಂಬಳದ್ದು. ಅದರ ಡಬ್ಬಿಯನ್ನು ಮದುವೆ ಆಲ್ಬಂನ ಪಕ್ಕ ಇಟ್ಟಿದ್ದೆ.

ಆದರೆ ಮನೆಯಲ್ಲಿ ಎಲ್ಲರೂ ಕೂತು ನೋಡಿದ ಆಟ ಕ್ರಿಕೆಟ್ 07. ಇಎ ಸ್ಪೋರ್ಟ್ಸ್‌ನವರು 2006ರ ಕೊನೆಗೆ ತಂದದ್ದು. ಕಂಪ್ಯೂಟರಿಗೆ ಆ ಕಂಪನಿ ಮಾಡಿದ ಕೊನೆಯ ಕ್ರಿಕೆಟ್ ಆಟವೂ ಅದೇ. ಇಂಗ್ಲೆಂಡ್, ಆಸ್ಟ್ರೇಲಿಯಾ ತಂಡಗಳಿಗೆ ಬಿಟ್ಟರೆ ಅವರಿಗೆ ನಿಜ ಹೆಸರು ಬಳಸುವ ಹಕ್ಕಿರಲಿಲ್ಲ. ನಮ್ಮವರ ಹೆಸರೆಲ್ಲ ಸೊಟ್ಟ. ಅಪ್ಪ ಮಂಚದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದವರು ಒಂದು ದಿನ, "ಇದ್ರಲ್ಲಿ ವಿಶ್ವನಾಥ್ ಇಲ್ವೇನ್ರೋ?" ಎಂದರು. ಜಿ. ಆರ್. ವಿಶ್ವನಾಥ್ 1983ರಲ್ಲೇ ಟೆಸ್ಟ್ ಆಡುವುದು ನಿಂತಿತ್ತು ಎಂದು ನಾವು ವಾದಿಸಿದೆವು. ಅಪ್ಪನಿಗೆ ಅದು ಲೆಕ್ಕವಲ್ಲ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ಮೇಲೆ ವಿಶ್ವನಾಥ್ ಔಟಾಗದೆ 97 ಹೊಡೆದದ್ದನ್ನು ಅವರು ತೋಟದಲ್ಲಿ ರೇಡಿಯೋ ಇಟ್ಟುಕೊಂಡು ಕೇಳಿದವರು. ನನ್ನ ತಮ್ಮ ಸುಮ್ಮನಿರಲಿಲ್ಲ. ಹೆಸರು ತಿದ್ದುವ ಒಂದು ಪುಟ್ಟ ತಂತ್ರಾಂಶವನ್ನು ತಿಪಟೂರಿನ ಗೆಳೆಯನಿಂದ ತಂದು ಮೂರನೇ ಕ್ರಮಾಂಕದವನೊಬ್ಬನನ್ನು ವಿಶ್ವನಾಥ್ ಮಾಡಿದ. ಆಮೇಲೆ ಅಪ್ಪ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ತಮ್ಮ ಅದೆಲ್ಲವನ್ನೂ ಒಂದು ಸಿಡಿಗೆ ಸುಟ್ಟು, ಮಾರ್ಕರಿನಲ್ಲಿ 'ಅಪ್ಪನ ಟೀಮು' ಎಂದು ಬರೆದಿಟ್ಟ. 'ಸುಡುವುದು' ಎಂದೇ ಆಗ ಅನ್ನುತ್ತಿದ್ದದ್ದು. ಅವ್ವ ಮೊದಲ ಸಲ ಕೇಳಿ ಗಾಬರಿಯಾಗಿದ್ದಳು.

ಈ ಎರಡು ಜಾತಿಯಲ್ಲಿ ಯಾವುದು ಮೇಲು ಎಂಬ ಜಗಳ ನಮ್ಮ ಮನೆಗೆ ಬಂದದ್ದು 2021ರ ಫೆಬ್ರುವರಿಯಲ್ಲಿ. ತಿಪಟೂರಿನ ನನ್ನ ಬಾವಮೈದ ಮಗನಿಗೆ ಪ್ಲೇಸ್ಟೇಷನ್ 5 ಕೊಡಿಸಲು ಹೊರಟಿದ್ದ. ಡಿಸ್ಕು ಹಾಕುವ ಬಾಯಿ ಇರುವುದಕ್ಕೆ 49,990 ರೂಪಾಯಿ. ಬಾಯಿ ಇಲ್ಲದ್ದಕ್ಕೆ 39,990. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 10,600. ಅಂದರೆ ಒಂದು ಬಾಯಿಗೆ ಹತ್ತಿರ ಹತ್ತಿರ ಒಂದು ಕ್ವಿಂಟಾಲ್ ಕೊಬ್ಬರಿ. ನಾನು ಬಾಯಿ ಇರುವುದನ್ನೇ ತೆಗೆದುಕೋ ಎಂದೆ. ಡಿಸ್ಕಾದರೆ ಆಡಿ ಮುಗಿಸಿ ಇನ್ನೊಬ್ಬರಿಗೆ ಕೊಡಬಹುದು, ಅರ್ಧ ಬೆಲೆಗೆ ಮಾರಬಹುದು, ನಾಲ್ಕು ಡಿಸ್ಕು ಮಾರಿದರೆ ಬಾಯಿಯ ದುಡ್ಡು ಹುಟ್ಟುತ್ತದೆ. ನನ್ನ ಮಗ ನಕ್ಕ. "ಅಪ್ಪ, ಡಿಸ್ಕಲ್ಲಿ ಗೀರು ಬಿದ್ರೆ? ಕಳೆದುಹೋದ್ರೆ? ನಂದು ನೋಡು, ಯಾವ ಕಂಪ್ಯೂಟರಲ್ಲಿ ಕೂತರೂ ಬರುತ್ತೆ" ಎಂದ. ಮಾತು ಸುಳ್ಳಲ್ಲ. ಕೊನೆಗೆ ಬಾವಮೈದ ಬಾಯಿ ಇರುವುದನ್ನೇ ತಂದ. ನನ್ನ ಮಾತಿಗಲ್ಲ, ಅದರಲ್ಲಿ ಸಿನಿಮಾ ಡಿಸ್ಕೂ ಹಾಕಬಹುದು ಎಂದು.

2022ರಲ್ಲಿ ಅಪ್ಪ ಹೋದರು. ಅವರ ಮೊಬೈಲು ದೇವರಮನೆಯ ಗೂಡಿನಲ್ಲಿ ಉಳಿಯಿತು. ಅದಕ್ಕೆ ರೀಚಾರ್ಜ್ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ; ಸತ್ತವರ ಫೋನಿಗೆ ಯಾರು ದುಡ್ಡು ಹಾಕುತ್ತಾರೆ? ಕೆಲವು ತಿಂಗಳು ಬಳಸದಿದ್ದ ನಂಬರು ಕಂಪನಿಗೆ ವಾಪಸ್ಸು ಹೋಗಿ ಇನ್ನೊಬ್ಬರ ಪಾಲಾಗುತ್ತದೆ. ಇದು ನಮಗೆ ತಿಳಿದದ್ದು 2024ರಲ್ಲಿ, ಹಳೆಯ ಕಂಪ್ಯೂಟರು ಕೆಟ್ಟು ಹೊಸದು ತಂದ ದಿನ. ಮಗ ಪಾಸ್‌ವರ್ಡ್ ಹೊಡೆದ. ಹೊಸ ಯಂತ್ರ ಕಂಡ ಕಂಪನಿ, ನೀವು ನೀವೇ ಹೌದೋ ಎಂದು ಕೇಳಿ, ತಾತನ ನಂಬರಿಗೆ ಒಟಿಪಿ ಕಳಿಸಿತು.

ಆ ನಂಬರಿಗೆ ನಾನೇ ಫೋನು ಮಾಡಿದೆ. ಎತ್ತಿದವರು ಗದಗಿನ ಕಡೆಯ ಒಬ್ಬ ಹೆಂಗಸು. ನಾನು ವಿಷಯವನ್ನು ಬಿಡಿಸಿ ಹೇಳಿದೆ: ಇದು ನಮ್ಮ ತಂದೆಯವರ ನಂಬರು, ಅವರು ತೀರಿಕೊಂಡಿದ್ದಾರೆ, ನಿಮ್ಮ ಫೋನಿಗೆ ಆರು ಅಂಕಿ ಬಂದಿದೆ, ಹುಡುಗನ ಆಟಕ್ಕೆ ಬೇಕು. ಆಕೆ ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, "ಅಣ್ಣಾರ, ನಿಮ್ಮ ತಂದೀದು ಕೇಳಿ ಬ್ಯಾಸರಾತ್ರೀ. ಆದ್ರ ಒಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವ್ರು ಹೇಳ್ಯಾರ್ರೀ" ಎಂದರು. ನಾನು ಆಕೆಯ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದೆ. ಇನ್ನೂ ಒರಟಾಗಿಯೇ ಹೇಳುತ್ತಿದ್ದೆನೇನೋ.

ಕಂಪನಿಗೆ ಬರೆದೆವು. ಮರಣ ಪತ್ರವನ್ನೂ ಕಳಿಸಿದೆವು. ಅದೇ ತಪ್ಪಾಯಿತು. ಖಾತೆದಾರರು ಇಲ್ಲವೆಂದ ಮೇಲೆ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ ಎಂದು ಉತ್ತರ ಬಂತು, ಬಹಳ ವಿನಯದ ಉತ್ತರ. ಯಾವ ಕಂಪನಿ ಎಂಬುದು ಬೇಡ. ಈ ವ್ಯಾಪಾರದಲ್ಲಿ ಇದೇ ವಾಡಿಕೆ. ಸ್ಟೀಮ್ ಎಂಬ ಅತಿ ದೊಡ್ಡ ಆಟದಂಗಡಿ 2003ರಲ್ಲಿ ಶುರುವಾದದ್ದು. ಅಲ್ಲಿಯ ಖಾತೆಯನ್ನು ಉಯಿಲು ಬರೆದು ಮಕ್ಕಳಿಗೆ ಬಿಡಲು ಬರುವುದಿಲ್ಲ ಎಂದು ಅವರೂ 2024ರಲ್ಲಿ ಕೇಳಿದವರಿಗೆ ಹೇಳಿದ್ದು ಸುದ್ದಿಯಾಗಿತ್ತು. ನಾವು ಕೊಳ್ಳುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ತೋಟ ಕ್ರಯಕ್ಕೆ ತೆಗೆದುಕೊಂಡೆವೆಂದು ತಿಳಿದವರಿಗೆ ಅದು ಗುತ್ತಿಗೆ ಎಂದು ಆಮೇಲೆ ತಿಳಿದ ಹಾಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನೇ ಬಂದಿದೆ: ಬರೀ ಪರವಾನಗಿ ಕೊಡುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದ ಬಳಸುವಂತಿಲ್ಲ. ಒಮ್ಮೆ ಇಳಿಸಿಕೊಂಡ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಇಟ್ಟುಕೊಳ್ಳಬಹುದಾದ ಸರಕಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಅಂಥ ಬೀಗವಿಲ್ಲದ ಆಟಗಳನ್ನು ಮಾರುವ ಜಿಒಜಿ ಎಂಬ ಅಂಗಡಿ 2008ರಿಂದ ಇದೆ.

ನನಗೆ ಒಳಗೊಳಗೇ ಸ್ವಲ್ಪ ಗೆದ್ದ ಭಾವ ಬಂದದ್ದು ಸುಳ್ಳಲ್ಲ. ಮಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಟ ಹೋಯಿತೆಂದಲ್ಲ ಎಂದು ಅವನ ತಾಯಿ ಹೇಳಿದಳು. ಒಂದು ಆಟದಲ್ಲಿ ಅವನ ಊರಿಗೆ ತಾತನೇ ಹೆಸರಿಟ್ಟಿದ್ದರಂತೆ. ಅದನ್ನು ಕೇಳಿದ ಮೇಲೆ ನನ್ನ ಗೆಲುವು ಇಳಿಯಿತು. ಆ ಭಾನುವಾರ ಅಟ್ಟ ಹತ್ತಿದೆ.

ಸಿಡಿಗಳ ರಟ್ಟಿನ ಪೆಟ್ಟಿಗೆ ಕಾಯಿರಾಶಿಯ ಹಿಂದೆ ಇತ್ತು. ಹೊಸ ಕಂಪ್ಯೂಟರಿಗೆ ಬಾಯಿಯೇ ಇಲ್ಲದ್ದರಿಂದ ಹೊರಗಿನಿಂದ ಸಿಕ್ಕಿಸುವ ಒಂದು ಡ್ರೈವನ್ನು ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿಕೊಂಡೆ. ಮೊದಲು ಹಾಕಿದ್ದು ನನ್ನ ಆ ಏಕೈಕ ಅಸಲಿ ಆಟ. ಡಿಸ್ಕು ಕನ್ನಡಿಯಂತೆ ಹೊಳೆಯುತ್ತಿತ್ತು. ಗಿರ್ರನೆ ತಿರುಗಿತು, ಆಟ ಏಳಲಿಲ್ಲ. ಮಗ ಹುಡುಕಿ ಕಾರಣ ಹೇಳಿದ. 2000ದ ಆಸುಪಾಸಿನಲ್ಲಿ ಹಲವು ಅಸಲಿ ಡಿಸ್ಕುಗಳಿಗೆ ಸೇಫ್‌ಡಿಸ್ಕ್ ಎಂಬ ಬೀಗ ಹಾಕುತ್ತಿದ್ದರು. ಡಿಸ್ಕು ಅಸಲಿಯೇ ಎಂದು ಪರೀಕ್ಷಿಸಲು ಅದು ವಿಂಡೋಸಿನ ಒಳಮನೆಯಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸುತ್ತಿತ್ತು. ಆ ಕಾವಲುಗಾರನ ಬಾಗಿಲಿನಿಂದಲೇ ಕಳ್ಳರು ನುಗ್ಗಬಹುದೆಂದು, 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅವನಿಗೆ ಜಾಗ ಕೊಡಲಿಲ್ಲ. ಹೀಗಾಗಿ ದುಡ್ಡು ಕೊಟ್ಟು ತಂದ ಅಸಲಿ ಆಡುವುದಿಲ್ಲ. ಬೀಗ ಒಡೆದ ಕಳ್ಳಪ್ರತಿಯಾಗಿದ್ದರೆ ಆಡುತ್ತಿತ್ತು. ಇದನ್ನು ನನ್ನ ಮಗನಿಗೆ ಯಾವ ನೀತಿಪಾಠವೆಂದು ವಿವರಿಸಲಿ?

ಅವನೇ ಇನ್ನೊಂದು ಹೇಳಿ ನನ್ನ ಉಳಿದ ಜಂಬವನ್ನೂ ತೆಗೆದ. ಯೂಬಿಸಾಫ್ಟ್ ಕಂಪನಿಯ ದಿ ಕ್ರೂ ಎಂಬ ಕಾರಿನ ಆಟ 2014ರದು. ಅದಕ್ಕೆ ಸದಾ ಕಂಪನಿಯ ಸರ್ವರಿನ ಸಂಪರ್ಕ ಬೇಕು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಇಳಿಸಿಕೊಂಡವರದೂ ಹೋಯಿತು, ಡಿಸ್ಕು ಕೊಂಡು ಕಪಾಟಿನಲ್ಲಿಟ್ಟವರದೂ ಹೋಯಿತು. ಅಲ್ಲಿಂದಲೇ ಆಟಗಳನ್ನು ಹೀಗೆ ಕೊಲ್ಲಬೇಡಿ ಎಂಬ ಚಳವಳಿ ಎದ್ದು, 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷ ಸಹಿ ದಾಟಿತು. "ಡಿಸ್ಕಿದ್ರೆ ನಂದು ಅಂತ ಅಲ್ಲ ಅಪ್ಪ" ಎಂದ. "ಇನ್ನೊಬ್ಬರನ್ನ ಕೇಳದೆ ನಡೆದ್ರೆ ನಂದು." ಮೂರು ವರ್ಷದ ಹಿಂದೆ ನನ್ನನ್ನು ನೋಡಿ ನಕ್ಕಿದ್ದ ಹುಡುಗ ಇವನೇ.

ಪೆಟ್ಟಿಗೆಯಲ್ಲಿ ಹದಿನಾಲ್ಕು ಸಿಡಿ ಇದ್ದವು. ಅಟ್ಟದ ಸೆಕೆಗೆ ನಾಲ್ಕರ ಬೆಳ್ಳಿಪದರ ಎದ್ದು ಹಪ್ಪಳದಂತಾಗಿತ್ತು. ಕೊಬ್ಬರಿಗೆ ಒಳ್ಳೆಯದಾದ ಜಾಗ ಸಿಡಿಗೆ ಒಳ್ಳೆಯದಲ್ಲ. ಐದಾರು ತಿರುಗುವುದಕ್ಕೇ ಒಪ್ಪಲಿಲ್ಲ. 'ಅಪ್ಪನ ಟೀಮು' ಬೂದಿಬಣ್ಣಕ್ಕೆ ತಿರುಗಿತ್ತು. ತಮ್ಮನಿಗೆ ಫೋನು ಮಾಡಿದೆ. "ಒಂದೇ ಸಲ ಓದುತ್ತೇನೋ ಅಣ್ಣ, ಆಡೋಕೆ ಹೋಗಬೇಡಿ, ಮೊದಲು ಕಾಪಿ ಮಾಡ್ಕೊಳ್ಳಿ" ಎಂದ. ಮಗ ಕಾಪಿಗೆ ಹಚ್ಚಿದ. ಹಸಿರು ಪಟ್ಟಿ ಅರವತ್ತರ ಹತ್ತಿರ ಬಂದು ನಿಂತಿತು. ಡ್ರೈವು ನುಚ್ಚು ಬೀಸಿದಂತೆ ಸದ್ದು ಮಾಡುತ್ತಿತ್ತು. ಅವ್ವ ಒಳಗೆ ಬಂದು, "ಏನ್ಲಾ ಅದು, ಇಲಿ ಹೊಕ್ಕೈತಾ?" ಎಂದಳು. ಹತ್ತು ನಿಮಿಷ ನಾವು ಅದನ್ನು ಮುಟ್ಟಲಿಲ್ಲ. ಆಮೇಲೆ ಮುಂದೆ ಹೋಯಿತು.

ಕ್ರಿಕೆಟ್ 07 ಈಗ ಯಾವ ಅಂತರಜಾಲದ ಅಂಗಡಿಯಲ್ಲೂ ಅಧಿಕೃತವಾಗಿ ಸಿಗುವುದಿಲ್ಲ. ನಮ್ಮದು ಕಳ್ಳಪ್ರತಿಯ ಪ್ರತಿ, ಅದಕ್ಕೆ ಸಮರ್ಥನೆಯೇನೂ ನನ್ನಲ್ಲಿಲ್ಲ. ಆಟ ಎದ್ದಿತು. ಮೂರನೇ ಕ್ರಮಾಂಕದಲ್ಲಿ ವಿಶ್ವನಾಥ್ ಇಳಿದರು. "ಯಾರಿದು?" ಎಂದು ಮಗ ಕೇಳಿದ. ನಾನು ಚೆಪಾಕ್‌ನ ಕಥೆ ಶುರುಮಾಡಿದೆ. ಮಾತು ಮುಗಿಯುವುದರೊಳಗೆ ಅವನು ಅಡ್ಡ ಬೀಸಿ ವಿಶ್ವನಾಥರನ್ನು ನಾಲ್ಕು ರನ್ನಿಗೆ ಔಟ್ ಮಾಡಿಸಿದ.

ಸಂಜೆ ಅವನು ಎರಡು ಪೆನ್‌ಡ್ರೈವಿಗೆ ಪ್ರತಿ ತೆಗೆದ. ಒಂದನ್ನು ದೇವರಮನೆಯ ಗೂಡಿನಲ್ಲಿ ತಾತನ ಮೊಬೈಲಿನ ಪಕ್ಕ ಇಟ್ಟ. ಇನ್ನೊಂದನ್ನು ಚಿಕ್ಕಪ್ಪನಿಗೆ ಕಳಿಸಬೇಕೆಂದು ಕವರಿಗೆ ಹಾಕುತ್ತ, "ಫೋಲ್ಡರಿಗೆ ಏನು ಹೆಸರು ಕೊಡಲಿ?" ಎಂದು ಕೇಳಿದ. ಇದ್ದದ್ದೇ ಇರಲಿ ಎಂದೆ.