ಕಟ್ಟಿಸಿದ ಹಲ್ಲು

ತ, ಥ, ದ, ಧ, ನ ಎಂಬ ಐದಕ್ಷರಗಳು ದಂತ್ಯಗಳೆಂಬುದು ವ್ಯಾಕರಣವನ್ನು ಮುಟ್ಟಿದವರಿಗೆಲ್ಲ ತಿಳಿದ ಸಂಗತಿಯೇ. ನಾನೂ ಬಾಲ್ಯದಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆನು. ಆದರೆ ಆ ಸೂತ್ರದ ನಿಜವಾದ ಅರ್ಥವು ನನಗೆ ಮನದಟ್ಟಾದುದು ಅರವತ್ತೆರಡನೆಯ ವಯಸ್ಸಿನಲ್ಲಿ, ಬಾಯಲ್ಲಿ ಒಂದು ಹಲ್ಲೂ ಉಳಿಯದಿದ್ದಾಗ.

ಪೀಣ್ಯದ ಎರಕದ ಕಾರ್ಖಾನೆಯೊಂದರಲ್ಲಿ ಮರದ ಪ್ಯಾಟರ್ನುಗಳನ್ನು ಕಡೆದು ಜೀವಿಸಿದವನು ನಾನು. ಹಗಲು ಉಳಿ, ಸಂಜೆ ಗಮಕ. ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಪ್ರತಿ ಶನಿವಾರವೂ ನಾನು ಕುಮಾರವ್ಯಾಸ ಭಾರತವನ್ನು ವಾಚಿಸುವುದು, ಎಂಬತ್ತನ್ನು ಸಮೀಪಿಸಿದ್ದ ಮೇಷ್ಟ್ರೊಬ್ಬರು ಅದಕ್ಕೆ ವ್ಯಾಖ್ಯಾನ ಮಾಡುವುದು, ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದ್ದಿತು. ಎಲೆಯಡಿಕೆ, ಹೊಗೆಸೊಪ್ಪು, ಇವೆರಡಕ್ಕಿಂತಲೂ ಮಿಗಿಲಾದ ನನ್ನ ಉದಾಸೀನ, ಇವು ಮೂರೂ ಸೇರಿ ಒಸಡುಗಳನ್ನು ಕೆಡಿಸಿದವು. ಹಲ್ಲುಗಳು ಒಂದೊಂದಾಗಿ ನನ್ನಿಂದ ಬೀಳ್ಕೊಂಡವು.

ಊಟಕ್ಕೆ ಅಷ್ಟೇನೂ ತೊಂದರೆಯಾಗಲಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ವಿಧಿಸಿದ ನಮ್ಮ ಸೀಮೆಯ ಹಿರಿಯರು ಹಲ್ಲಿಲ್ಲದವರ ಪಾಲಿಗೆ ಪುಣ್ಯಾತ್ಮರು. ಕಷ್ಟವಾದುದು ಮಾತಿಗೆ. ನಾಲಗೆಯ ತುದಿಗೆ ಆತುಕೊಳ್ಳಲು ಗೋಡೆಯಿಲ್ಲ. ‘ದ್ರೌಪದಿ’ ಎನ್ನಹೋದರೆ ಗಾಳಿಯೇ ಮುಂದಾಗಿ ಹೊರಡುತ್ತಿದ್ದಿತು. ಜನ ನಕ್ಕಾರೆಂದು ಹೆದರಿ, ಗಂಟಲು ಸರಿಯಿಲ್ಲವೆಂಬ ನೆಪ ಹೇಳಿ, ಮಂದಿರಕ್ಕೆ ಹೋಗುವುದನ್ನು ನಿಲ್ಲಿಸಿಬಿಟ್ಟೆನು. ಹೀಗೆ ಹನ್ನೊಂದು ತಿಂಗಳು ಕಳೆದವು.

ಒಂದು ಸಂಜೆ ಮೇಷ್ಟ್ರು ಕೋಲೂರಿಕೊಂಡು ಮನೆಗೇ ಬಂದರು. “ಬಾಯಿ ತೆಗೆಯಯ್ಯ, ನೋಡೋಣ,” ಎಂದರು. ತೆರೆದೆನು. ನಗಲಿಲ್ಲ. “ನೀನು ಓದದಿದ್ದರೆ ನಾನು ಯಾವುದಕ್ಕಯ್ಯ ಅರ್ಥ ಹೇಳಲಿ?” ಎಂದಷ್ಟೇ ಕೇಳಿದರು. ನನ್ನ ಹಲ್ಲಿನೊಡನೆ ಅವರ ಮಾತೂ ಹೋಗಿದ್ದಿತೆಂಬುದು ನನಗೆ ಆಗ ಹೊಳೆಯಿತು. ಬಡ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟನ್ನು ಒದಗಿಸಲು ಸರ್ಕಾರವು 2014-15ರಲ್ಲಿ ‘ದಂತಭಾಗ್ಯ’ವೆಂಬ ಯೋಜನೆಯನ್ನು ಆರಂಭಿಸಿದ ವಿಷಯವನ್ನೂ ಅವರೇ ತಿಳಿಸಿದರು.

ಪೀಣ್ಯದಲ್ಲಿ ಮೆಟ್ರೋ ಹತ್ತಿ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿಳಿದು, ಕೋಟೆಯ ಬಳಿ 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತವೈದ್ಯ ಕಾಲೇಜಿಗೆ ಹೋದೆನು. ಅಲ್ಲಿ ಕಂಡುದು ನನ್ನ ಕಸುಬೇ! ಮೊದಲ ದಿನ ಮೆತ್ತನೆಯ ಲೇಪವನ್ನು ವಸಡಿಗೊತ್ತಿ ಅಚ್ಚು ತೆಗೆದರು. ಅದರಿಂದ ಗಾರೆಯ ಪಡಿಯಚ್ಚನ್ನು ಎರೆದರು. ಮತ್ತೊಂದು ದಿನ ಮೇಣದ ಕಟ್ಟೆಯನ್ನು ಬಾಯೊಳಗಿರಿಸಿ ಎರಡು ದವಡೆಗಳ ಅಂತರವನ್ನಳೆದರು. ಆ ಬಳಿಕ ಮೇಣದಲ್ಲಿಯೇ ಹಲ್ಲುಗಳನ್ನು ನೆಟ್ಟು, ತೊಡಿಸಿ, ನನಗೆ ಕನ್ನಡಿ ಹಿಡಿದರು. ಕೊನೆಗೆ ಬಿಸಿನೀರಿನಲ್ಲಿ ಮೇಣವನ್ನು ಕರಗಿಸಿ ಹೊರಹಾಕಿ, ಆ ತೆರಪಿನಲ್ಲಿ ಅಕ್ರಿಲಿಕ್ಕನ್ನು ತುಂಬಿ ಬೇಯಿಸಿದರು. ವಿಗ್ರಹವನ್ನು ಎರೆಯುವವರ ಮೇಣದ ವಿದ್ಯೆಯೂ ಇದೇ ಅಲ್ಲವೆ? ಹಿಂದೆ ಗಂಧಕ ಬೆರಸಿ ಕಾಯಿಸಿದ ರಬ್ಬರಿನಿಂದ ವಸಡಿನ ಭಾಗವನ್ನು ಮಾಡುತ್ತಿದ್ದರಂತೆ. 1930ರ ದಶಕದ ಕೊನೆಯಲ್ಲಿ ಬಂದ ಅಕ್ರಿಲಿಕ್ಕು ಅದರ ಸ್ಥಾನವನ್ನು ಪಡೆಯಿತು.

ಹೊಸ ಹಲ್ಲು ಧರಿಸಿ ಮನೆಗೆ ಬಂದಾಗ ಕುಳಿಬಿದ್ದ ಕೆನ್ನೆಗಳು ತುಂಬಿದ್ದವು. ಮನೆಯಾಕೆ ಬಾಗಿಲಲ್ಲಿಯೇ ನಿಂತು, “ಏನೂಂದ್ರೆ, ಯಾರೋ ನೆಂಟರು ಬಂದ ಹಾಗಿದೆಯಲ್ಲ!” ಎಂದಳು. ನನ್ನ ಹಿಗ್ಗಿಗೆ ಮೇರೆಯಿಲ್ಲ. ಆದರೆ ನೆಂಟರೊಡನೆ ಹೊಂದಿಕೊಳ್ಳುವುದಕ್ಕೆ ಕಾಲ ಬೇಕಷ್ಟೆ. ಮೇಲಿನ ಸೆಟ್ಟು, ನೀರು ಸವರಿ ಜೋಡಿಸಿದ ಎರಡು ಗಾಜುಗಳಂತೆ, ಲಾಲಾರಸದ ತೆಳುಪೊರೆಯಿಂದ ಅಂಗುಳಿಗೆ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಆ ಅನುಕೂಲ ಕಡಮೆ. ನಾಲಗೆ ಅದನ್ನು ಎತ್ತಿ ಎಸೆಯುತ್ತದೆ. ಸಹಜದಂತಗಳ ಬಲದ ಕಾಲುಭಾಗ ದೊರೆತರೆ ಹೆಚ್ಚು. ಎರಡು ಪಕ್ಕದಲ್ಲಿಯೂ ಸಮವಾಗಿ ಅಗಿಯಿರಿ, ದಿನವೂ ಗಟ್ಟಿಯಾಗಿ ಓದಿರಿ, ರಾತ್ರಿ ತೆಗೆದು ನೀರಿನಲ್ಲಿಡಿರಿ ಎಂದು ವೈದ್ಯೆಯು ಹೇಳಿದ್ದಳು. ನಾನು ಕೇಳಲಿಲ್ಲ. ಮೊದಲ ಶನಿವಾರವೇ ಮಂದಿರಕ್ಕೆ ಹೋಗಿ ಏರುದನಿಯಲ್ಲಿ ಷಟ್ಪದಿಯನ್ನೆತ್ತಿದೆನು. ಕೆಳಗಿನ ಸೆಟ್ಟು ವ್ಯಾಸಪೀಠದ ಮೇಲೆ ಹಾರಿಬಿದ್ದಿತು! ಸಭೆ ನಕ್ಕಿತು. ಹನ್ನೊಂದು ತಿಂಗಳು ನಾನು ಹೆದರಿದ್ದುದು ಆ ನಗುವಿಗೇ. ಅದು ಅರೆಗಳಿಗೆಯಲ್ಲಿ ಮುಗಿಯಿತು. ಮೇಷ್ಟ್ರು, “ತೊಳೆದುಕೊಂಡು ಬಾ, ಅಲ್ಲಿಯವರೆಗೆ ನಾನು ಹಿಂದಿನ ಕಥೆ ಹೇಳುತ್ತಿರುತ್ತೇನೆ,” ಎಂದರು.

ಆಮೇಲೆ ಕನ್ನಡಿಯ ಮುಂದೆ ಕುಳಿತು ಬಾಲಕನಂತೆ ತವರ್ಗವನ್ನು ತಿದ್ದಿದೆನು. ಎರಡು ತಿಂಗಳಿಗೆ ‘ದ್ರೌಪದಿ’ ಮರಳಿ ಬಂದಳು. ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಒಂಬತ್ತು ತಿಂಗಳ ಶನಿವಾರಗಳು ದೊರೆತವು. ಕರ್ಣಪರ್ವವನ್ನು ಮುಗಿಸುವ ಮೊದಲೇ ಮೇಷ್ಟ್ರು ತೀರಿಕೊಂಡರು.

ಹಲ್ಲಿಲ್ಲದ ದವಡೆಯ ಮೂಳೆ ವರ್ಷವರ್ಷಕ್ಕೆ ಸವೆಯುವುದರಿಂದ ಈಗ ನನ್ನ ಸೆಟ್ಟು ಸಡಿಲವಾಗುತ್ತಿದೆ. ಮತ್ತೆ ಕೋಟೆಗೆ ಹೋಗಬೇಕು. ಕಳೆದ ಹಲ್ಲನ್ನು ಕಟ್ಟಿಸಬಹುದು, ಸಡಿಲವಾದರೆ ತಿದ್ದಿಸಬಹುದು. ನಾಚಿಕೆಯಿಂದ ಬಾಯಿ ಮುಚ್ಚಿ ಕಳೆದ ಆ ಹನ್ನೊಂದು ತಿಂಗಳ ಶನಿವಾರಗಳನ್ನು ಕಟ್ಟಿಕೊಡುವ ವೈದ್ಯರು ಎಲ್ಲಿದ್ದಾರೆ? ವಾಚಕರಲ್ಲಿ ನನ್ನಂತೆ ನೆಪ ಹೇಳುತ್ತ ಮನೆಯಲ್ಲಿ ಕುಳಿತವರಿದ್ದರೆ, ನಾಳೆಯೇ ಹೊರಡಲಿ.